ಅಮ್ಮನ ಕುಂಕುಮವೂ ಕಂಪ್ಯೂಟರಿನ ಕೆಂಪೂ

ಬಣ್ಣವೆಂಬುದು ಮಾಯೆ, ಅದನ್ನು ಕಳೆದರೆ ಉಳಿಯುವುದೇ ಮುಖದ ಸತ್ಯ ಎಂದು ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಇವರು ವೇದಾಂತಿಗಳಲ್ಲ, ಫೋಟೋ ತೆಗೆಯುವವರು. ಮದುವೆಯ ಆಲ್ಬಮ್ಮಿನ ಕೊನೆಯ ನಾಲ್ಕು ಪುಟ, ಹೊಸ ಕವನ ಸಂಕಲನದ ಹಿಂಬದಿಯ ರಕ್ಷಾಪುಟ, ನಿವೃತ್ತ ಪ್ರಾಧ್ಯಾಪಕರ ಅಭಿನಂದನ ಗ್ರಂಥ, ಪತ್ರಿಕೆಗಳ ಶ್ರದ್ಧಾಂಜಲಿಯ ಅಂಕಣ—ಎಲ್ಲಿ ನೋಡಿದರೂ ಬಣ್ಣದಲ್ಲಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಕಳೆದ ಮುಖಗಳು. ಕವಿಯಾದವನಂತೂ ಬಣ್ಣದಲ್ಲಿ ಕಾಣಿಸಿಕೊಳ್ಳುವುದೇ ಅಪಚಾರವೆಂಬ ಹಾಗಾಗಿದೆ. ಕಪ್ಪು-ಬಿಳುಪು ಮಾಡಿದೊಡನೆ ಸಾಮಾನ್ಯ ಮುಖಕ್ಕೂ ಒಂದು ಗಾಂಭೀರ್ಯ ಬರುತ್ತದೆ, ನಿನ್ನೆ ತೆಗೆದ ಚಿತ್ರಕ್ಕೆ ಐವತ್ತು ವರ್ಷದ ಮುಪ್ಪು ಬರುತ್ತದೆ; ಇಷ್ಟೆಲ್ಲ ಒಂದು ಗುಂಡಿ ಒತ್ತಿದರೆ ಸಿಗುವಾಗ ಯಾರು ಬೇಡವೆಂದಾರು?

ನನ್ನ ತಕರಾರು ಕಪ್ಪು-ಬಿಳುಪಿನ ಮೇಲಲ್ಲ. ಎರಡು ವರ್ಷದ ಹಿಂದಿನವರೆಗೆ ನಾನೂ ಆ ಪಂಥದವನೇ. ತಕರಾರು ಇರುವುದು ಎರಡು ಮಾತುಗಳ ಮೇಲೆ. ಬಣ್ಣ ತೆಗೆದರೆ ಸತ್ಯ ಉಳಿಯುತ್ತದೆ ಎಂಬುದು ಒಂದು. ‘ಬಣ್ಣ ತೆಗೆದಿದ್ದೇವೆ, ಅಷ್ಟೆ, ಬೇರೇನೂ ಮಾಡಿಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಭ್ರಮೆ. ಎರಡನೆಯದನ್ನು ಪ್ರಾಮಾಣಿಕರೇ ಪ್ರಾಮಾಣಿಕವಾಗಿ ಹೇಳುತ್ತಾರೆ. ಆದ್ದರಿಂದ ಅದು ಇನ್ನೂ ಅಪಾಯಕಾರಿ.

ಎರಡು ವರ್ಷದ ಹಿಂದೆ ನಮ್ಮ ತಾಯಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಇಡುವುದಕ್ಕೆ ಒಂದು ಫೋಟೋ ಬೇಕಾಯಿತು. ಅಮ್ಮ ಫೋಟೋಕ್ಕೆ ಸುಲಭವಾಗಿ ಸಿಕ್ಕುತ್ತಿದ್ದವಳಲ್ಲ. ಹುಡುಕಿದಾಗ ದೊರೆತದ್ದು ಒಂದೇ ಒಳ್ಳೆಯ ಚಿತ್ರ: ಮೊಮ್ಮಗಳ ಮದುವೆಯಲ್ಲಿ ಛತ್ರದ ಬಾಗಿಲ ಬಳಿ ಕುಳಿತು ಯಾರ ಮಾತಿಗೋ ನಗುತ್ತಿದ್ದಾಗ ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಅಮ್ಮನದು ಎಣ್ಣೆಗಪ್ಪು ಮೈಬಣ್ಣ. ಹಣೆಯಲ್ಲಿ ಕಾಸಿನಗಲದ ಕುಂಕುಮ. ಕೆಂಪು ರೇಷ್ಮೆ ಸೀರೆ, ಹಸಿರು ಅಂಚು. ಮುಖ ಚೆನ್ನಾಗಿ ಬಂದಿತ್ತು. ಆದರೆ ಒಂದು ಕಡೆ ಹಗಲಿನ ಬೆಳಕು, ಇನ್ನೊಂದು ಕಡೆ ಟ್ಯೂಬ್‌ಲೈಟು, ತಲೆಯ ಹಿಂದೆ ಹಳದಿ ಶಾಮಿಯಾನ. ಅರ್ಧ ಕೆನ್ನೆಗೆ ಹಳದಿ ಛಾಯೆ, ಅರ್ಧಕ್ಕೆ ನೀಲಿ. ತಮ್ಮನ ಮಗ ಹೇಳಿದ: “ದೊಡ್ಡಪ್ಪ, ಬ್ಲಾಕ್ ಅಂಡ್ ವೈಟ್ ಮಾಡಿಸಿಬಿಡೋಣ. ಕಲರ್ರಲ್ಲೇ ಇಟ್ಟರೆ ಫ್ಲೆಕ್ಸ್ ಬೋರ್ಡಿನ ಥರ ಕಾಣುತ್ತೆ. ಇದು ಕ್ಲಾಸಿಕ್ಕಾಗಿರುತ್ತೆ.” ಹುಡುಗನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎರಡು ಬೆಳಕುಗಳ ಜಗಳ ತೀರಿಸುವುದಕ್ಕೆ ಬಣ್ಣವನ್ನೇ ಕಳೆಯುವುದು ಒಳ್ಳೆಯ ಉಪಾಯ. ಈಗಲೂ ನಾನು ಹಾಗೆಯೇ ಹೇಳುತ್ತೇನೆ.

ಸ್ಟುಡಿಯೋದವರು ಮರುದಿನವೇ ಮಾಡಿಕೊಟ್ಟರು. ದೊಡ್ಡ ಚಿತ್ರ, ಕಟ್ಟು ಹಾಕಿಸಿ, ಗಂಧದ ಹಾರ ಸಮೇತ. ನಮಗೆಲ್ಲ ಒಪ್ಪಿಗೆಯಾಯಿತು. ಮುಖ ತಿಳಿಯಾಗಿತ್ತು, ಸುಕ್ಕುಗಳು ಕಡಿಮೆಯಾಗಿದ್ದವು, ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತಿದ್ದಳು. ಒಳಗೆ ತಂದು ಅಪ್ಪನ ಮುಂದೆ ಹಿಡಿದೆವು. ಅಪ್ಪನಿಗೆ ಎಂಬತ್ತನಾಲ್ಕು, ಕಣ್ಣು ಮಂಜು, ನೆನಪು ಚುರುಕು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಅವಳ ಕುಂಕುಮ ಯಾಕೋ ಅಳಿಸಿದಿರಿ?” ಎಂದರು. “ನಾನಿನ್ನೂ ಬದುಕಿದ್ದೀನಲ್ಲೋ.”

ಆಗ ನಾವು ನೋಡಿದೆವು. ಹಣೆಯಲ್ಲಿ ಕುಂಕುಮವಿರಲಿಲ್ಲ. ಇದ್ದ ಜಾಗದಲ್ಲಿ ವಿಭೂತಿಯ ಬೊಟ್ಟನ್ನು ಒರೆಸಿದ ಹಾಗೆ ಒಂದು ತಿಳಿಯಾದ ಕಲೆಯಿತ್ತು. ಮನೆಯ ಆರು ಮಂದಿ ಆ ಚಿತ್ರವನ್ನು ನೋಡಿ ‘ಚೆನ್ನಾಗಿದೆ’ ಎಂದಿದ್ದೆವು.

ಹೆಣ್ಣಿನ ಭಾಗ್ಯವೆಲ್ಲ ಕುಂಕುಮದಲ್ಲಿದೆ ಎಂದು ವಾದಿಸುವವನು ನಾನಲ್ಲ. ಅಮ್ಮನೂ ಅಲ್ಲ. ನಮ್ಮ ಚಿಕ್ಕಪ್ಪ ತೀರಿಕೊಂಡಾಗ, ನೆಂಟರೆಲ್ಲ ಮುಖ ತಿರುಗಿಸಿಕೊಂಡು ನೋಡುತ್ತಿದ್ದ ಹಾಗೆಯೇ, ಹದಿನಾಲ್ಕನೆಯ ದಿನ ಚಿಕ್ಕಮ್ಮನ ಹಣೆಗೆ ತಾನೇ ಕುಂಕುಮವಿಟ್ಟವಳು ಅವಳು. ಅಂಥವಳ ಹಣೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಒಂದು ಯಂತ್ರ ಬೋಳುಮಾಡಿತ್ತು.

ಮರುದಿನ ಸ್ಟುಡಿಯೋಕ್ಕೆ ಹೋದೆ. ಅಲ್ಲಿದ್ದ ಯುವಕ ಒಳ್ಳೆಯವನೇ. “ಅಳಿಸಿಲ್ಲ ಸಾರ್, ದೇವರಾಣೆ. ಬ್ಲಾಕ್ ಅಂಡ್ ವೈಟ್ ಮಾಡಿದ್ದೀವಿ, ಅಷ್ಟೆ. ಅಮ್ಮನವರು ಸ್ವಲ್ಪ ಡಾರ್ಕ್ ಇದ್ದರಲ್ಲ, ಒಂಚೂರು ಬ್ರೈಟ್ ಮಾಡಿದೆ. ಎಲ್ಲರಿಗೂ ಹಾಗೇ ಮಾಡೋದು,” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಕುಂಕುಮವನ್ನು ಅವನು ಮುಟ್ಟಿಯೇ ಇರಲಿಲ್ಲ. ಮುಟ್ಟದೆ ಅಳಿಸಿದ್ದು ಹೇಗೆ ಎಂಬುದು ನನ್ನ ತಲೆ ಹೊಕ್ಕಿತು. ಮೂವತ್ತು ವರ್ಷ ಲೆಕ್ಕದ ಮೇಷ್ಟರಾಗಿದ್ದವನಿಗೆ ಉತ್ತರವಿಲ್ಲದ ಪ್ರಶ್ನೆ ಇಟ್ಟುಕೊಂಡು ನಿದ್ದೆ ಬಾರದು. ಹಣ ಕೊಡದೆ ದೊರೆಯುವ ಗಿಂಪ್ ಎಂಬ ತಂತ್ರಾಂಶವನ್ನು ತಮ್ಮನ ಮಗನಿಂದಲೇ ಹಾಕಿಸಿಕೊಂಡು ಕುಳಿತೆ.

ಇಲ್ಲಿ ವಾಚಕರು ಸ್ವಲ್ಪ ಲೆಕ್ಕವನ್ನು ಸಹಿಸಬೇಕು. ಡಿಜಿಟಲ್ ಬಣ್ಣದ ಚಿತ್ರದ ಪ್ರತಿಯೊಂದು ಚುಕ್ಕೆಗೂ ಮೂರು ಅಂಕಗಳಿವೆ: ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು, ಒಂದೊಂದೂ 0ಯಿಂದ 255ರವರೆಗೆ. ಕಪ್ಪು-ಬಿಳುಪಿನ ಚುಕ್ಕೆಗೆ ಇರುವುದು ಒಂದೇ ಅಂಕ. ಹಾಗಾದರೆ ಮೂರು ಸಾಕ್ಷಿಗಳ ಹೇಳಿಕೆ ಕೇಳಿ ಒಂದು ತೀರ್ಪು ಬರೆಯಬೇಕು. ಯಾವ ಸಾಕ್ಷಿಯ ಮಾತಿಗೆ ಎಷ್ಟು ಬೆಲೆ? ಎಲ್ಲ ಗುಟ್ಟೂ ಇರುವುದು ಇಲ್ಲಿ. ‘ಬಣ್ಣ ತೆಗೆಯುವುದು’ ಎಂಬ ಮಾತೇ ತಪ್ಪು. ಅಂಗಿ ಕಳಚಿದಂತೆ ಕಳಚಿ ಇಡುವುದಕ್ಕೆ ಅಲ್ಲಿ ಬಣ್ಣವೆಂಬ ಬೇರೆ ಪದಾರ್ಥವಿಲ್ಲ. ಮೂರನ್ನು ಕಲಸಿ ಒಂದು ಮಾಡುವುದು ಮಾತ್ರ ಉಂಟು. ಕಲಸುವ ಪ್ರಮಾಣವನ್ನು ಯಾರಾದರೂ ನಿರ್ಧರಿಸಲೇಬೇಕು. ನೀವು ನಿರ್ಧರಿಸದಿದ್ದರೆ ಆ ತಂತ್ರಾಂಶ ಬರೆದವನು ನಿರ್ಧರಿಸಿರುತ್ತಾನೆ.

ಅಮ್ಮನ ಬಣ್ಣದ ಚಿತ್ರದಲ್ಲಿ ಬೆಳಕು ಸಮನಾಗಿ ಬಿದ್ದಿದ್ದ ಹಣೆಯ ಒಂದು ಚುಕ್ಕೆಯನ್ನು ಅಳೆದೆ: ಕೆಂಪು 150, ಹಸಿರು 105, ನೀಲಿ 80. ಪಕ್ಕದ ಕುಂಕುಮದ ಚುಕ್ಕೆ: ಕೆಂಪು 180, ಹಸಿರು 20, ನೀಲಿ 40. ಈಗ ತೀರ್ಪುಗಳನ್ನು ನೋಡಿ.

ಬಹಳ ಕಾಲದಿಂದ ರೂಢಿಯಲ್ಲಿರುವ ಪ್ರಮಾಣವೆಂದರೆ ಕೆಂಪಿಗೆ ನೂರಕ್ಕೆ ಸುಮಾರು 30, ಹಸಿರಿಗೆ 59, ನೀಲಿಗೆ 11. ಇದು ಟೆಲಿವಿಷನ್ ಎಂಜಿನಿಯರುಗಳ ಲೆಕ್ಕ. 1953ರಲ್ಲಿ ಅಮೆರಿಕದಲ್ಲಿ ಬಣ್ಣದ ಟೆಲಿವಿಷನ್ನಿಗೆ ಕಟ್ಟುಕಟ್ಟಳೆ ಮಾಡಿದಾಗ, ಜನರ ಮನೆಯಲ್ಲಿದ್ದ ಹಳೆಯ ಕಪ್ಪು-ಬಿಳುಪಿನ ಪೆಟ್ಟಿಗೆಗಳಲ್ಲೂ ಅದೇ ಚಿತ್ರ ಸರಿಯಾಗಿ ಮೂಡಬೇಕಾಗಿತ್ತು. ನಮ್ಮ ಕಣ್ಣು ಹಸಿರಿಗೆ ಬಹಳ ಸೂಕ್ಷ್ಮ, ನೀಲಿಗೆ ಮಂದ. ಆದ್ದರಿಂದ ಹಸಿರಿಗೆ ಸಿಂಹಪಾಲು. ಈ ಲೆಕ್ಕದಂತೆ ಅಮ್ಮನ ಹಣೆ 116, ಕುಂಕುಮ 70. ಹಣೆಗಿಂತ ಕುಂಕುಮ ಸಾಕಷ್ಟು ಗಾಢ, ಕಣ್ಣಿಗೆ ಕಾಣುತ್ತದೆ.

ಎರಡನೆಯದು, ಅನೇಕ ತಂತ್ರಾಂಶಗಳಲ್ಲಿ ‘ಡೀಸ್ಯಾಚುರೇಟ್’ ಎಂಬ ಹೆಸರಿನ ಒಂದೇ ಏಟಿನ ವಿಧಾನ. ಫೋಟೋಶಾಪಿನ ಈ ಆಜ್ಞೆ ಮೂರು ಅಂಕಗಳಲ್ಲಿ ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ತೆಗೆದುಕೊಂಡು ಸರಾಸರಿ ಮಾಡುತ್ತದೆ. ನಡುವಿನವನನ್ನು ಕೇಳುವುದೇ ಇಲ್ಲ. ಹಣೆ 115, ಕುಂಕುಮ 100. ಹುಡುಕಿ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ವಿಧಾನದಲ್ಲಿ ಅಪ್ಪಟ ಕೆಂಪು, ಅಪ್ಪಟ ಹಸಿರು, ಅಪ್ಪಟ ನೀಲಿ ಮೂರಕ್ಕೂ ಒಂದೇ ಬೂದುಬಣ್ಣ ಬರುತ್ತದೆ ಎಂದರೆ ನಂಬುತ್ತೀರಾ? ಒಂದೇ ಹದದ ಕೆಂಪು ಒಡಲು, ಹಸಿರು ಅಂಚಿನ ಸೀರೆಯನ್ನು ಇದಕ್ಕೆ ಕೊಟ್ಟು ನೋಡಿ. ಅಂಚೇ ಇಲ್ಲದ ಸೀರೆ ಹೊರಗೆ ಬರುತ್ತದೆ. ಸಮದರ್ಶಿತ್ವ ಅಂದರೆ ಇದೇ ಇರಬೇಕು.

ಮೂರನೆಯದು ಕೆಂಪು ಸಾಕ್ಷಿಯೊಬ್ಬನನ್ನೇ ನಂಬುವುದು. ಹಣೆ 150, ಕುಂಕುಮ 180. ಕುಂಕುಮ ಹಣೆಗಿಂತ ಬೆಳ್ಳಗೆ! ನಮ್ಮ ಮನೆಗೆ ಬಂದದ್ದು ಇದು, ಅಥವಾ ಇದಕ್ಕೆ ಬಹಳ ಹತ್ತಿರದ್ದು.

ಸ್ಟುಡಿಯೋದ ಯುವಕ ಹೀಗೇಕೆ ಮಾಡಿದ? ಅವನ ಉದ್ದೇಶ ಮುಖವನ್ನು ಬೆಳಗಿಸುವುದು. ಫೋಟೋಶಾಪ್ 1990ರಲ್ಲಿ ಬಂತು. ಅದರ 2007ರ ಆವೃತ್ತಿಯಲ್ಲಿ ‘ಬ್ಲಾಕ್ ಅಂಡ್ ವೈಟ್’ ಎಂಬ ಪ್ರತ್ಯೇಕ ಸಲಕರಣೆಯನ್ನು ಕೊಟ್ಟರು. ಕೆಂಪು, ಹಳದಿ, ಹಸಿರು, ಹಸಿರುನೀಲಿ, ನೀಲಿ, ಕೆನ್ನೇರಳೆ—ಹೀಗೆ ಆರು ಸ್ಲೈಡರುಗಳು. ಕೆಂಪನ್ನು ಬಲಕ್ಕೆ ಎಳೆದರೆ ಚಿತ್ರದಲ್ಲಿ ಕೆಂಪಾಗಿದ್ದದ್ದೆಲ್ಲ ಬೆಳ್ಳಗಾಗುತ್ತದೆ, ಎಡಕ್ಕೆ ಎಳೆದರೆ ಕಪ್ಪಾಗುತ್ತದೆ. ಮನುಷ್ಯನ ಚರ್ಮ, ಅದು ಯಾವ ದೇಶದವನದಾಗಲಿ, ಕ್ಯಾಮೆರಾದ ಮಟ್ಟಿಗೆ ಕೆಂಪು-ಹಳದಿಯ ಗುಂಪಿನದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ, ಕೆಂಪನ್ನು ಕಡಿಮೆ ಹೀರುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರನ್ನು ಹೀರುತ್ತದೆ. ಆದ್ದರಿಂದ ಹಸಿರು ಸಾಕ್ಷಿ ಮೊಡವೆ, ಕಲೆ, ನರ ಎಲ್ಲವನ್ನೂ ಹೇಳಿಬಿಡುತ್ತಾನೆ. ಕೆಂಪು ಸಾಕ್ಷಿ ಅವನ್ನೆಲ್ಲ ನುಂಗಿಕೊಂಡು ‘ಮುಖ ಹಾಲಿನ ಹಾಗಿದೆ’ ಎನ್ನುತ್ತಾನೆ. ಮುಖಸ್ತುತಿ ಬೇಕಾದವರು ಯಾರನ್ನು ಕರೆಸುತ್ತಾರೆಂಬುದು ಸ್ಪಷ್ಟ. ಆದರೆ ನಮ್ಮ ಹೆಂಗಸರ ಹಣೆಯ ಮೇಲೆ ಚರ್ಮಕ್ಕಿಂತ ಕೆಂಪಾದ ವಸ್ತು ಒಂದಿದೆ. ಚರ್ಮವನ್ನು ಬೆಳ್ಳಗೆ ಮಾಡುವ ಸ್ಲೈಡರು ಅದನ್ನು ಇನ್ನಷ್ಟು ಬೆಳ್ಳಗೆ ಮಾಡುತ್ತದೆ. ಅಮ್ಮನನ್ನು ಬೆಳ್ಳಗೆ ಮಾಡಿದ ಏಟಿಗೇ ಅವಳ ಕುಂಕುಮ ಹೋಯಿತು. ಎರಡೂ ಒಂದೇ ಕೃತ್ಯ.

‘ಹಾಗಾದರೆ ಸರಿಯಾದ ಪ್ರಮಾಣ ಯಾವುದು, ಅದನ್ನು ಹೇಳಿಬಿಡಿ’ ಎಂದು ಕೇಳುವವರಿದ್ದಾರೆ. ಇಲ್ಲ ಎಂಬುದೇ ನನ್ನ ಉತ್ತರ. ಫಿಲ್ಮಿನ ಕಾಲದಲ್ಲೂ ಇರಲಿಲ್ಲ. ಹಳೆಯ ಫೋಟೋಗಳ ಮೇಲೆ ನಮಗಿರುವ ಭಕ್ತಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. ಮೊದಮೊದಲಿನ ಫೋಟೋ ಗಾಜುಗಳಿಗೆ ಕಾಣುತ್ತಿದ್ದದ್ದು ಹೆಚ್ಚಾಗಿ ನೀಲಿ ಬೆಳಕು ಮಾತ್ರ. 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್ ಎಂಬ ರಸಾಯನಶಾಸ್ತ್ರಜ್ಞ ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಹಸಿರೂ ಕಾಣುತ್ತದೆ ಎಂದು ಕಂಡುಹಿಡಿದ. ಅದರಿಂದ ಹುಟ್ಟಿದ ಆರ್ಥೋಕ್ರೊಮ್ಯಾಟಿಕ್ ಫಿಲ್ಮು ಕೆಂಪಿಗೆ ಕುರುಡು; ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೆಲಸ ಮಾಡುತ್ತಿದ್ದದ್ದು ಈ ಕುರುಡಿನ ಬಲದ ಮೇಲೆಯೇ. ಎಲ್ಲ ಬಣ್ಣವನ್ನೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಗಾಜುಗಳು 1906ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದರೂ, ಅಗ್ಗವಾದ ಹಳೆಯ ಬಗೆ ಅನೇಕ ವರ್ಷ ಉಳಿಯಿತು. ನಮ್ಮ ಅಜ್ಜಿಯ ಒಂದೇ ಒಂದು ಫೋಟೋ ಮನೆಯಲ್ಲಿದೆ. ಕುಂಕುಮ ಇದ್ದಿಲಿನಷ್ಟು ಕಪ್ಪು, ತುಟಿಯೂ ಹಾಗೆಯೇ. ಅದನ್ನು ನೋಡಿದಾಗಲೆಲ್ಲ ಅಮ್ಮ, “ನಮ್ಮಮ್ಮ ಇಷ್ಟೊಂದು ಕಪ್ಪಗಿರಲಿಲ್ಲ ಕಣೋ” ಎನ್ನುತ್ತಿದ್ದಳು. ತಾಯಿಯ ಮೇಲಿನ ಅಭಿಮಾನ ಎಂದುಕೊಂಡಿದ್ದೆ. ಆ ಇದ್ದಿಲಿನ ಕುಂಕುಮವನ್ನು ನೋಡಿದರೆ ಕೆಂಪು ಕಾಣದ ಫಿಲ್ಮಿನ ಕೆಲಸವೆಂದು ಈಗ ತೋರುತ್ತದೆ. ಕಂದು ಮೈಯಿಂದ ಹೊರಡುವ ಬೆಳಕಿನಲ್ಲಿ ಹೆಚ್ಚು ಪಾಲು ಕೆಂಪು. ಅದನ್ನು ಕಾಣದ ಫಿಲ್ಮಿಗೆ ಅಜ್ಜಿ ಇದ್ದದ್ದಕ್ಕಿಂತ ಕಪ್ಪು. ಒಂದು ತಲೆಮಾರಿನ ಯಂತ್ರ ಅಜ್ಜಿಯನ್ನು ಕಪ್ಪು ಮಾಡಿತು, ಇನ್ನೊಂದು ತಲೆಮಾರಿನ ಯಂತ್ರ ಮಗಳನ್ನು ಬಿಳಿ ಮಾಡಿತು. ಇವೆರಡರಲ್ಲಿ ‘ಬಣ್ಣ ತೆಗೆದರೆ ಉಳಿಯುವ ಸತ್ಯ’ ಯಾವುದು ಎಂದು ಆ ವೇದಾಂತಿಗಳು ದಯವಿಟ್ಟು ತಿಳಿಸಬೇಕು.

ಕಲಾವಿದರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಲು ಬರುವವರು ಉಂಟು. ಮೈಸೂರಿನಲ್ಲಿ 1923ರಲ್ಲಿ ಇಬ್ಬರು ಹುಟ್ಟಿದರು: ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ವಿ. ಕೆ. ಮೂರ್ತಿ ಮತ್ತು ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್. ಇಬ್ಬರ ಕಪ್ಪು-ಬಿಳುಪಿಗೂ ನಾನು ಕೈಮುಗಿಯುತ್ತೇನೆ. ಆದರೆ ಅವರನ್ನು ಈ ಗುಂಡಿ ಒತ್ತುವವರ ಪಕ್ಷಕ್ಕೆ ಸಾಕ್ಷಿಯಾಗಿ ಕರೆಯುವಂತಿಲ್ಲ. ಅವರು ಬೂದುಬಣ್ಣದಲ್ಲಿ ಯೋಚಿಸಿ ಆಮೇಲೆ ಕ್ಯಾಮೆರಾ ಎತ್ತಿದವರು. ‘ಕಾಗಜ್ ಕೆ ಫೂಲ್’ನಲ್ಲಿ ಆ ಬೆಳಕಿನ ಕಂಬ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಬರುವುದು ಆಮೇಲೆ ಯಾರೋ ಎಳೆದ ಸ್ಲೈಡರಿನಿಂದಲ್ಲ, ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ತಂದದ್ದರಿಂದ. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದೂ ಕಪ್ಪು-ಬಿಳುಪು ಮಾಡಿದ ದೊಡ್ಡವರಿಲ್ಲವೆ ಎಂದರೆ, ಇದ್ದಾರೆ. 2025ರಲ್ಲಿ ತೀರಿಕೊಂಡ ಬ್ರೆಜಿಲಿನ ಸೆಬಾಸ್ಟಿಯಾವ್ ಸಲ್ಗಾಡೊ ತಮ್ಮ ‘ಜೆನೆಸಿಸ್’ ಸರಣಿಯ ನಡುವೆ ಫಿಲ್ಮು ಬಿಟ್ಟು ಡಿಜಿಟಲ್ಲಿಗೆ ಬಂದರು. ಚಿತ್ರಗಳು ಮಾತ್ರ ಕಪ್ಪು-ಬಿಳುಪಾಗಿಯೇ ಉಳಿದವು. ಪ್ರಮಾಣವನ್ನು ನಿರ್ಧರಿಸಿದವನು ತಾನು ಎಂದು ತಿಳಿದು ಮಾಡುವ ಕೆಲಸ ಅದು. ನಾನು ಕೇಳುತ್ತಿರುವುದೂ ಅಷ್ಟೇ: ನೀವು ನಿರ್ಧರಿಸುತ್ತಿದ್ದೀರಿ ಎಂಬುದನ್ನು ಒಪ್ಪಿಕೊಳ್ಳಿ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ‘ಅಮ್ಮನವರು ಸ್ವಲ್ಪ ಡಾರ್ಕ್ ಇದ್ದರಲ್ಲ.’ ಈ ಒಂದು ಮಾತು. ಕಪ್ಪು-ಬಿಳುಪು ಎಂದರೆ ಬಣ್ಣದ ಪ್ರಶ್ನೆಯೇ ಮುಗಿಯಿತು ಎಂಬ ಸೋಗು ನಮ್ಮಲ್ಲಿದೆ; ಆದರೆ ನಮ್ಮ ದೇಶದಲ್ಲಿ ಮೈಬಣ್ಣದ ಪ್ರಶ್ನೆ ಎಂದೂ ಕೆಂಪು-ಹಸಿರಿನದ್ದಲ್ಲ, ಕಪ್ಪು-ಬಿಳುಪಿನದ್ದೇ. ಬಣ್ಣದ ಚಿತ್ರದಲ್ಲಿ ಮುಖ ಬೆಳ್ಳಗೆ ಮಾಡಿದರೆ ಸುಣ್ಣ ಬಳಿದದ್ದು ಗೊತ್ತಾಗುತ್ತದೆ, ನೆಂಟರು ನಗುತ್ತಾರೆ. ಕಪ್ಪು-ಬಿಳುಪಿನಲ್ಲಿ ಗೊತ್ತಾಗುವುದಿಲ್ಲ, ‘ಕಲಾತ್ಮಕ’ ಎನ್ನುತ್ತಾರೆ. ಕಳ್ಳತನಕ್ಕೆ ಇದಕ್ಕಿಂತ ಒಳ್ಳೆಯ ಅಮಾವಾಸ್ಯೆ ಬೇಕೆ?

ಈ ರೋಗ ನಮ್ಮೊಬ್ಬರದೇ ಅಲ್ಲ. ಕೊಡಕ್ ಕಂಪೆನಿ ಬಣ್ಣದ ಫಿಲ್ಮು ತೊಳೆಯುವ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸುವುದಕ್ಕೆಂದು ಕಳಿಸುತ್ತಿದ್ದ ‘ಶರ್ಲಿ ಕಾರ್ಡು’ಗಳ ಮೇಲೆ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರವೇ. ಅವಳ ಮುಖ ಸರಿ ಬಂದರೆ ಜಗತ್ತಿನ ಮುಖವೆಲ್ಲ ಸರಿ ಬಂದ ಹಾಗೆ. ಬೇರೆ ಬೇರೆ ಮೈಬಣ್ಣದವರನ್ನು ಒಟ್ಟಿಗೆ ಕೂರಿಸಿದ ಕಾರ್ಡು ಬಂದದ್ದು 1990ರ ದಶಕದಲ್ಲಿ. ಕಪ್ಪು ಮೈಯನ್ನು ಕಪ್ಪಾಗಿಯೇ ಚೆನ್ನಾಗಿ ತೋರಿಸುತ್ತೇವೆ ಎಂದು ಗೂಗಲ್ ತನ್ನ ಮೊಬೈಲ್ ಕ್ಯಾಮೆರಾದ ಬಗ್ಗೆ ಹೇಳಿಕೊಂಡದ್ದು 2021ರಲ್ಲಿ. ನಮ್ಮಲ್ಲಿ 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಅಂಡ್ ಲವ್ಲಿ’ ಕ್ರೀಮು 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ಯಾಯಿತು. ಡಬ್ಬಿಯ ಮೇಲಿನಿಂದ ‘ಫೇರ್’ ಹೋಯಿತು. ಸ್ಟುಡಿಯೋದ ಸ್ಲೈಡರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಶ್ರೀಕೃಷ್ಣನ ವಿಷಯದಲ್ಲಿ ಕ್ಯಾಲೆಂಡರಿನವರು ನೀಲಿ ಬಳಿದು ಪಾರಾದರು. ನಮ್ಮ ಹೆಣ್ಣುಮಕ್ಕಳಿಗೆ ಆ ಅನುಕೂಲವೂ ಇಲ್ಲ.

ಗಿರಾಕಿಗಳೇ ಕೇಳುತ್ತಾರೆ, ನಾವೇನು ಮಾಡೋಣ ಎಂದು ಸ್ಟುಡಿಯೋದವರು ಹೇಳಿಯಾರು. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ತಪ್ಪೊಪ್ಪಿಗೆ ಮಾತ್ರ ಇದೆ. ನಲವತ್ತು ವರ್ಷದ ಹಿಂದೆ ತಂಗಿಯ ಮದುವೆಗೆಂದು ಫೋಟೋ ತೆಗೆಸಿದಾಗ ‘ಸ್ವಲ್ಪ ಬೆಳ್ಳಗೆ ಬರಲಿ’ ಎಂದು ಹೇಳಿದವನು ನಾನೇ. ಆಗ ಕಂಪ್ಯೂಟರಿಲ್ಲ. ಸ್ಟುಡಿಯೋದ ಹಿರಿಯರು ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ಮೆಲ್ಲಗೆ ತಿದ್ದಿದರು. ನೆಗೆಟಿವಿನಲ್ಲಿ ಕಪ್ಪಾದದ್ದು ಕಾಗದದ ಮೇಲೆ ಬಿಳುಪಾಗುತ್ತದೆ. ಅವರು ಕೆನ್ನೆ ತಿದ್ದಿದರು, ಕಣ್ಣಿನ ಕೆಳಗೆ ತಿದ್ದಿದರು, ಕುಂಕುಮದ ಬಳಿಗೆ ಬಂದಾಗ ಕಡ್ಡಿಯನ್ನು ಎತ್ತಿ ಆ ಕಡೆಯಿಂದ ಬಂದರು. ತಪ್ಪು ತಪ್ಪೇ. ಆದರೂ ಆ ಕೈಗೆ ತಾನು ಹೆಣ್ಣೊಬ್ಬಳ ಮುಖದ ಮೇಲೆ ಓಡಾಡುತ್ತಿದ್ದೇನೆ ಎಂಬುದು ತಿಳಿದಿತ್ತು. ಸ್ಲೈಡರಿಗೆ ಹಣೆ ತಿಳಿಯದು, ಕುಂಕುಮ ತಿಳಿಯದು, ಕೆಂಪೊಂದೇ ತಿಳಿದಿರುವುದು. ಮೊದಲು ಬಂದ ವರನ ಕಡೆಯವರು ‘ಹುಡುಗಿ ಫೋಟೋದಲ್ಲಿದ್ದಷ್ಟು ಬೆಳ್ಳಗಿಲ್ಲ’ ಎಂದು ಹೇಳಿಕಳಿಸಿದರು. ತಂಗಿ ಆ ಫೋಟೋವನ್ನು ಏನು ಮಾಡಿದಳೋ, ಮತ್ತೆ ನಾನು ಅದನ್ನು ಕಾಣಲಿಲ್ಲ.

ಹೀಗೆ ಬೆಳ್ಳಗೆ ಮಾಡುವುದನ್ನು ಅಂದಗಾಣಿಸುವುದು ಎನ್ನುತ್ತಾರೆ. ಕನ್ನಡದಲ್ಲಿ ‘ಕಳೆ’ ಎಂಬ ಒಳ್ಳೆಯ ಮಾತಿದೆ. ಕಪ್ಪಾದರೂ ಕಳೆಯಾಗಿದ್ದಾಳೆ ಎಂದು ನಮ್ಮ ಹಳೆಯ ಹೆಂಗಸರು ಹೇಳುವಾಗ, ಆ ‘ಆದರೂ’ ಎಂಬುದನ್ನು ಕಿತ್ತುಹಾಕಿದರೆ, ಅದು ಫೋಟೋಶಾಸ್ತ್ರದ ಮಾತೇ. ಎಣ್ಣೆಗಪ್ಪು ಮೈಯ ಚೆಲುವೆಲ್ಲ ಇರುವುದು ಅದರ ಮೇಲೆ ಜಾರುವ ಬೆಳಕಿನಲ್ಲಿ: ಗಾಢವಾದ ಕೆನ್ನೆ, ಕೆನ್ನೆಯ ಏರಿನ ಮೇಲೆ ಒಂದು ಬಿಳಿಯ ಮಿಂಚು. ಕೆನ್ನೆಯನ್ನು ಎತ್ತಿ ಬಿಳುಪಿಗೆ ಸೇರಿಸಿದರೆ ಮಿಂಚಿಗೆ ಹಿನ್ನೆಲೆಯೇ ಇಲ್ಲ. ಮುಖ ಚಪ್ಪಟೆಯಾಗುತ್ತದೆ, ಪಿಂಗಾಣಿ ತಟ್ಟೆಯ ಹಾಗೆ. ಅಮ್ಮನ ಸುಕ್ಕುಗಳು ಹೋದವೆಂದು ನಾವು ಸಂತೋಷಪಟ್ಟಿದ್ದೆವಲ್ಲ, ಸುಕ್ಕಿನ ಜೊತೆಗೆ ಅವಳ ನಗುವೂ ಅರ್ಧ ಹೋಗಿತ್ತು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಇದು ಭಾವನೆಯದಲ್ಲ, ವ್ಯವಹಾರದ್ದು. ಮೂರು ಅಂಕವನ್ನು ಒಂದು ಮಾಡಿ ಉಳಿಸಿಟ್ಟ ಮೇಲೆ ಆ ಒಂದರಿಂದ ಮತ್ತೆ ಮೂರನ್ನು ತೆಗೆಯುವುದು ಸಾಧ್ಯವಿಲ್ಲ. 116 ಎಂಬ ಬೂದು ಚುಕ್ಕೆ ಹಣೆಯದೋ, ಹಸಿರು ಎಲೆಯದೋ, ಗೋಡೆಯದೋ, ಅದು ಹೇಳಲಾರದು. ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಕೊಟ್ಟರಲ್ಲ ಎನ್ನಬಹುದು. ಕೊಟ್ಟರು, ನಿಜ. 1971ರ ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಇಲ್ಲದ ಬಣ್ಣವನ್ನು ಹೊರಗಿನಿಂದ ತಂದು ಕೊಟ್ಟರು. ಈಗಿನ ಕೃತಕ ಬುದ್ಧಿಯೂ ಹಾಗೆಯೇ ಊಹಿಸಿ ಬಳಿಯುತ್ತದೆ, ಕಳೆದುಹೋದದ್ದನ್ನು ತರುವುದಿಲ್ಲ. ಆದ್ದರಿಂದ ಬಣ್ಣದ ಮೂಲವನ್ನು ಬೇರೆ ಉಳಿಸಿಕೊಳ್ಳದೆ ಅದರ ಮೇಲೆಯೇ ಕಪ್ಪು-ಬಿಳುಪನ್ನು ಬರೆದಿಡುವ ಸ್ಟುಡಿಯೋಗಳು ಪರರ ಮನೆಯ ಪತ್ರಗಳನ್ನು ಸುಡುವಂಥ ಕೆಲಸ ಮಾಡುತ್ತಿವೆ. ನಮ್ಮ ಮೂಲ ಮೊಬೈಲಿನಲ್ಲಿ ಉಳಿದಿತ್ತು ಎಂಬುದು ಅದೃಷ್ಟ ಮಾತ್ರ.

ಮಾಡುವ ಕ್ರಮ ಕಷ್ಟದ್ದೇನೂ ಅಲ್ಲ. ಹಸಿರು ಸಾಕ್ಷಿಗೆ ಹೆಚ್ಚು ಬೆಲೆ ಕೊಡಿ. ಕೆಂಪನ್ನು ಎಳೆಯುವ ಮೊದಲು ಹಣೆಯನ್ನು ನೋಡಿ. ಮುಖಕ್ಕೆ ಬೆಳಕು ಸಾಲದೆ ಹೋದರೆ ಚಿತ್ರಕ್ಕೆಲ್ಲ ಸಮನಾಗಿ ಬೆಳಕು ಕೊಡಿ, ಚರ್ಮವೊಂದನ್ನೇ ಹಿಡಿದು ಬಿಳುಪಿಗೆ ಎಳೆಯಬೇಡಿ. ಅಚ್ಚು ಹಾಕುವ ಮುನ್ನ ಆ ಮುಖವನ್ನು ಬಲ್ಲ ಒಬ್ಬರಿಗೆ ತೋರಿಸಿ. ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರಾದರೆ ಉತ್ತಮ.

ಮೂಲವನ್ನು ಹಿಡಿದುಕೊಂಡು ಮತ್ತೆ ಅದೇ ಸ್ಟುಡಿಯೋಕ್ಕೆ ಹೋದೆ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಕೆಂಪನ್ನು ಇಳಿಸಿ ಎಂದೆ. ಇಳಿಸಿದ. ಇನ್ನೂ ಎಂದೆ. “ಸಾರ್, ತುಂಬಾ ಡಾರ್ಕ್ ಆಗುತ್ತೆ. ಆಮೇಲೆ ನಮ್ಮ ಸ್ಟುಡಿಯೋ ಹೆಸರು ಹೇಳಬೇಡಿ” ಎಂದ. ಆಗಲಿ ಎಂದೆ. ಕುಂಕುಮ ಮೂಡಿತು. ಅಂಚು ಮೂಡಿತು. ಕಣ್ಣಿನ ಪಕ್ಕದ ಮೂರು ಗೆರೆಗಳು ಮೂಡಿದವು. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, “ನಗ್ತಾ ಇದ್ದಾರಲ್ಲ ಸಾರ್,” ಎಂದ. ಹಣ ಮಾತ್ರ ಮತ್ತೆ ಪೂರ್ತಿ ತೆಗೆದುಕೊಂಡ. ಇದು ಬೇರೆ ಕೆಲಸವಂತೆ. ಕೊಟ್ಟೆ.

ಅಪ್ಪ ಈ ಚಿತ್ರವನ್ನು ನೋಡಿ ಏನೂ ಹೇಳಲಿಲ್ಲ. ಗೋಡೆಯ ಮೇಲೆ ಎತ್ತರದಲ್ಲಿ ಮೊಳೆ ಹೊಡೆಯಲು ಹೋದ ತಮ್ಮನನ್ನು ತಡೆದು, “ಕೆಳಗೆ ಹಾಕೋ. ಮಲಗಿದರೆ ಕಾಣಬೇಕು,” ಎಂದರು.